ಸೋತ ಚಿತ್ರಗಳಲ್ಲಿ ಉಳಿದದ್ದು

ಸಿನಿಮಾ ಚೆನ್ನಾಗಿಲ್ಲ ಎಂದು ಹೇಳಿ ಎದ್ದುಬಿಡುವುದು ಸುಲಭ. ದುಡ್ಡು ಕೊಟ್ಟು ಮೂರು ಗಂಟೆ ಕೂತವನಿಗೆ ಆ ಹಕ್ಕೂ ಇದೆ. ಆದರೆ ಮುಸ್ಲಿಮರ ಬದುಕನ್ನು ತೋರಿಸುತ್ತೇವೆಂದು ಹೊರಟ ಹಿಂದಿ ಚಿತ್ರಗಳ ವಿಷಯದಲ್ಲಿ ಈ ಹಕ್ಕನ್ನು ಪೂರ್ತಿಯಾಗಿ ಚಲಾಯಿಸಲು ಹೋದರೆ ನಮಗೆ ಏನೂ ದಕ್ಕುವುದಿಲ್ಲ. ನಮ್ಮ ಮೈಸೂರಿನ ಎಂ.ಎಸ್. ಸತ್ಯು ಅವರ 'ಗರ್ಮ್ ಹವಾ' (1973), ಸಯೀದ್ ಮಿರ್ಜಾ ಅವರ 'ನಸೀಮ್' (1995) ಥರದ ಕೆಲವನ್ನು ಎತ್ತಿಟ್ಟ ಮೇಲೆ ಉಳಿಯುವುದು ಶೇರ್ವಾನಿ, ಝೂಮರ್, ಪಾನ್‌ದಾನ್ ಮತ್ತು ಮಾತುಮಾತಿಗೆ ಬಾಗಿ ಸಲಾಮು ಹೊಡೆಯುವ ನವಾಬರು. ಅಕ್ಕಿಯಲ್ಲಿ ಕಲ್ಲು ಆರಿಸುವುದು ಎಲ್ಲರ ಮನೆಯ ಕೆಲಸ. ನಮ್ಮ ಪಾಲಿಗೆ ಬಂದದ್ದು ಕಲ್ಲಿನಲ್ಲಿ ಅಕ್ಕಿ ಆರಿಸುವ ಕೆಲಸ.

ಈ ಕೆಲಸಕ್ಕೆ ಒಂದು ಅಪಾಯವಿದೆ. ನಾಲ್ಕು ಕಾಳು ಸಿಕ್ಕ ಖುಷಿಯಲ್ಲಿ ಕಲ್ಲನ್ನೂ ಒಪ್ಪಿಕೊಂಡುಬಿಡುತ್ತೇವೆ. 'ಹಾಡು ಎಷ್ಟು ಚೆನ್ನಾಗಿದೆ ನೋಡಿ' ಎಂದು ಚಿತ್ರದ ಸುಳ್ಳನ್ನು ಮಾಫಿ ಮಾಡುತ್ತೇವೆ. ಹಾಗೆ ಮಾಡದೆ, ಒಳ್ಳೆಯದನ್ನು ಮಾಡಿದವರು ಯಾರು ಎಂದು ಹೆಸರು ಹಿಡಿದು ಹೇಳುವುದು, ಅದು ಯಾವ ತಪ್ಪಿನ ಪಕ್ಕದಲ್ಲಿ ಕೂತಿದೆ ಎಂಬುದನ್ನೂ ಹೇಳುವುದು ಸಾಧ್ಯವೇ? ಕಮಾಲ್ ಅಮ್ರೋಹಿಯವರ 'ರಝಿಯಾ ಸುಲ್ತಾನ್' (1983) ಈ ಪರೀಕ್ಷೆಗೆ ಬಹಳ ಒಳ್ಳೆಯ ಚಿತ್ರ. ಕೆಟ್ಟದ್ದೂ ಒಳ್ಳೆಯದೂ ಎರಡೂ ಅದರಲ್ಲಿ ಧಾರಾಳವಾಗಿವೆ.

ಅಮ್ರೋಹಿ ಬದುಕಿನಲ್ಲಿ ನಿರ್ದೇಶಿಸಿದ್ದು ನಾಲ್ಕೇ ಚಿತ್ರ. 'ಮಹಲ್' (1949), 'ದಾಯ್ರಾ' (1953), 'ಪಾಕೀಜಾ' (1972), ಕೊನೆಯದಾಗಿ ಇದು. ಆ ಕಾಲಕ್ಕೆ ಅತಿ ದುಬಾರಿಯಾದ ಹಿಂದಿ ಚಿತ್ರಗಳಲ್ಲಿ ಒಂದಾಗಿದ್ದ ಇದು ಥಿಯೇಟರುಗಳಲ್ಲಿ ಮಕಾಡೆ ಮಲಗಿತು. ಸಂಭಾಷಣೆ ಜನರಿಗೆ ಅರ್ಥವಾಗಲಿಲ್ಲ ಎಂಬುದು ಎಲ್ಲರೂ ಕೊಡುವ ಕಾರಣ. ನಿಜವೇ. ಫಾರ್ಸಿ ತುಂಬಿದ ಆ ಉರ್ದು, ಉರ್ದು ಶಾಲೆಯಲ್ಲಿ ಅಲಿಫ್-ಬೇ ತಿದ್ದಿ ಆಮೇಲೆ ಕನ್ನಡಕ್ಕೆ ಬಂದ ನಮ್ಮಂಥವರಿಗೂ ಅಲ್ಲಲ್ಲಿ ಕೈಕೊಡುತ್ತದೆ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ ಆ ಮಾತುಗಳನ್ನು ಆಡುವವರಿಗೂ ಅವು ಒಗ್ಗಿಲ್ಲ. ಹೇಮಾಮಾಲಿನಿಯವರು ಸುಲ್ತಾನಳ ಉಡುಪಿನಲ್ಲಿ ಘನತೆಯಿಂದಲೇ ನಿಲ್ಲುತ್ತಾರೆ. ಬಾಯಿ ತೆರೆದಾಗ ಮಾತ್ರ ಒಂದೊಂದು ಪದವನ್ನೂ ಗಾಜಿನ ಲೋಟದ ಹಾಗೆ ಜೋಪಾನವಾಗಿ ಎತ್ತಿ ಇಡುತ್ತಾರೆ. ಕತೆ ನಿಂತಲ್ಲೇ ನಿಲ್ಲುತ್ತದೆ.

ಇದಕ್ಕೂ ದೊಡ್ಡ ತಪ್ಪು ಧರ್ಮೇಂದ್ರ ಅವರ ಮುಖಕ್ಕೆ ಬಳಿದ ಕಪ್ಪು ಬಣ್ಣ. ಚಿತ್ರದ ನಾಯಕ ಯಾಕೂತ್ ಹಬಶಿ, ಅಂದರೆ ಆಫ್ರಿಕಾ ಮೂಲದವನು. ಗುಲಾಮನಾಗಿ ಬಂದು ದೆಹಲಿಯ ದರ್ಬಾರಿನಲ್ಲಿ ಮೇಲೇರಿದವನು. ಇಂಥ ಪಾತ್ರಕ್ಕೆ ಒಬ್ಬ ಜನಪ್ರಿಯ ಪಂಜಾಬಿ ನಟನನ್ನು ತಂದು ಮಸಿ ಬಳಿದರೆ ಸಾಕೆಂದು ಅಷ್ಟು ದೊಡ್ಡ ಕಲಾವಿದನಿಗೆ ಅನ್ನಿಸಿದ್ದಾದರೂ ಹೇಗೆ? ಬಿಜಾಪುರದ ಆದಿಲ್‌ಶಾಹಿಗಳ ಕಾಲದಲ್ಲಿ ಇಖ್ಲಾಸ್ ಖಾನ್‌ನಂಥ ಹಬಶಿಗಳು ರಾಜ್ಯವನ್ನೇ ನಡೆಸಿದ್ದರು. ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಸಿದ್ದಿಗಳು ಇವತ್ತೂ ನಮ್ಮ ನೆರೆಯವರು. ಅವರಲ್ಲಿ ಮುಸ್ಲಿಮರಿದ್ದಾರೆ, ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ. ಕನ್ನಡ ನಾಡಿನಲ್ಲಿ ಕೂತು ಈ ಚಿತ್ರ ನೋಡುವವರಿಗೆ ಆ ಬಣ್ಣ ಬರೀ ಮೇಕಪ್ಪಿನ ಎಡವಟ್ಟಾಗಿ ಕಾಣಲು ಸಾಧ್ಯವಿಲ್ಲ.

ಇನ್ನು ಇತಿಹಾಸ. ರಝಿಯಾ ದೆಹಲಿಯ ಗದ್ದುಗೆಯಲ್ಲಿದ್ದದ್ದು 1236ರಿಂದ 1240ರವರೆಗೆ. ಪರದೆ ಬಿಟ್ಟು, ಗಂಡಸರ ನಿಲುವಂಗಿ ತೊಟ್ಟು, ಆನೆಯ ಮೇಲೆ ಜನರೆದುರು ಹೊರಟವಳು. ಆಕೆಯ ಕಾಲದವನೇ ಆದ ಖಾಝಿ ಮಿನ್ಹಾಜ್, ಅರಸರಿಗೆ ಬೇಕಾದ ಗುಣಗಳೆಲ್ಲ ಆಕೆಯಲ್ಲಿದ್ದವು ಎಂದು ಪಟ್ಟಿ ಕೊಟ್ಟು, ಗಂಡಾಗಿ ಹುಟ್ಟದಿದ್ದ ಮೇಲೆ ಇವೆಲ್ಲ ಯಾವ ಉಪಯೋಗಕ್ಕೆ ಬಂದವು ಎಂದು ಮರುಗಿದ. ಯಾಕೂತನಿಗೆ ಆಕೆ ಕೊಟ್ಟದ್ದು ಅಮೀರ್-ಎ-ಆಖೂರ್, ಅಂದರೆ ಅರಮನೆಯ ಕುದುರೆಲಾಯದ ಮುಖ್ಯಸ್ಥನ ಹುದ್ದೆ. ತಮಗೇ ಮೀಸಲೆಂದುಕೊಂಡಿದ್ದ ಜಾಗಕ್ಕೆ ಹಬಶಿಯೊಬ್ಬ ಬಂದದ್ದು ತುರ್ಕಿ ಅಮೀರರ ಕಣ್ಣು ಕೆಂಪಾಗಿಸಿತು. ಮಿನ್ಹಾಜ್ ಇಬ್ಬರ ನಡುವೆ ಪ್ರೇಮವಿತ್ತೆಂದು ಎಲ್ಲೂ ಬರೆಯುವುದಿಲ್ಲ. ಆ ಗುಸುಗುಸು ಬಲವಾದದ್ದು ಆಮೇಲೆ. ಅದನ್ನು ಬರೆದಿಟ್ಟವರಲ್ಲಿ ಒಬ್ಬ ನಮ್ಮ ಕಡೆಯವನೇ ಎನ್ನಬಹುದಾದ ಇಸಾಮಿ. ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಬಹಮನಿ ರಾಜ್ಯದ ಮೊದಲ ಸುಲ್ತಾನನ ಆಶ್ರಯದಲ್ಲಿ 1350ರ ಹೊತ್ತಿಗೆ, ಅಂದರೆ ರಝಿಯಾ ಸತ್ತು 110 ವರ್ಷಗಳ ಮೇಲೆ, ಆತ ತನ್ನ ಕಾವ್ಯವನ್ನು ಮುಗಿಸಿದ. ಹೆಂಗಸಿಗೆ ಸಿಂಹಾಸನ ಯಾಕೆ, ಆಕೆ ಚರಕದ ಮುಂದೆ ಕೂತಿರುವುದೇ ಚೆಂದ ಎಂಬ ಅರ್ಥದ ಮಾತನ್ನೂ ಅದೇ ಸಂದರ್ಭದಲ್ಲಿ ಸೇರಿಸಿದ. (ನಮ್ಮ ದೇಶದಲ್ಲಿ ಚರಕ ಇತ್ತೆಂಬುದಕ್ಕೆ ಸಿಗುವ ಮೊದಮೊದಲ ಸ್ಪಷ್ಟ ದಾಖಲೆ ಇದೇ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಬೈಗುಳದಿಂದಲೂ ಒಂದೊಂದು ಸಲ ಇತಿಹಾಸಕ್ಕೆ ಉಪಕಾರವಾಗುತ್ತದೆ.) ಅಮ್ರೋಹಿಯವರು ರಝಿಯಾಳ ಕಾಲದ ಖಾಝಿಯನ್ನು ಬಿಟ್ಟು ನೂರು ವರ್ಷ ತಡವಾಗಿ ಬಂದ ಗಾಳಿಮಾತನ್ನು ಹಿಡಿದರು. ನಾಲ್ಕು ವರ್ಷ ರಾಜ್ಯವಾಳಿದ ಹೆಣ್ಣು ಪರದೆಯ ಮೇಲೆ ಒಬ್ಬ ವಿರಹಿಣಿಯಾಗಿ ಉಳಿದಳು.

ಇಷ್ಟೆಲ್ಲ ಹೇಳಿದ ಮೇಲೂ ಈ ಚಿತ್ರವನ್ನು ಕೈಬಿಡಲು ನಮಗೆ ಮನಸ್ಸಾಗುವುದಿಲ್ಲ. ಕಾರಣಗಳಲ್ಲಿ ದೊಡ್ಡದು ಕಬ್ಬನ್ ಮಿರ್ಜಾ.

ಕಬ್ಬನ್ ಮಿರ್ಜಾ ಸಿನಿಮಾ ಗಾಯಕರಾಗಿ ಹೆಸರು ಮಾಡಿದವರಲ್ಲ. ವಿವಿಧ ಭಾರತಿಯಲ್ಲಿ ಉದ್ಘೋಷಕರಾಗಿದ್ದವರು. ಸಂಗೀತ ನಿರ್ದೇಶಕ ಖಯ್ಯಾಮ್ ಯಾಕೂತನ ಎರಡು ಹಾಡುಗಳನ್ನು ಅವರಿಂದ ಹಾಡಿಸಿದರು. 'ಆಯೀ ಝಂಜೀರ್ ಕಿ ಝಂಕಾರ್' ಬರೆದವರು ಜಾಂ ನಿಸಾರ್ ಅಖ್ತರ್. ಅವರು 1976ರಲ್ಲಿ ತೀರಿಕೊಂಡ ಮೇಲೆ ಉಳಿದ ಹಾಡುಗಳಿಗೆ ನಿದಾ ಫಾಝ್ಲಿ ಬಂದರು. 'ತೇರಾ ಹಿಜ್ರ್ ಮೇರಾ ನಸೀಬ್ ಹೈ' ಅವರದು. ಈ ಎರಡನ್ನೂ ಒಮ್ಮೆ ಕಣ್ಣು ಮುಚ್ಚಿ ಕೇಳಿ. ದನಿ ಭಾರವಾಗಿದೆ, ಸ್ವಲ್ಪ ಒರಟಾಗಿದೆ. ನಯಗೊಳಿಸಿದ ಗಾಯಕರ ಕಂಠದಲ್ಲಿ ಇರುವ ಆತ್ಮವಿಶ್ವಾಸ ಇದರಲ್ಲಿಲ್ಲ. ತನ್ನ ಮಾತನ್ನು ಯಾರಾದರೂ ಕೇಳಿಸಿಕೊಳ್ಳುತ್ತಾರೆಂಬ ನಂಬಿಕೆಯೇ ಇಲ್ಲದವನು ತನ್ನಷ್ಟಕ್ಕೆ ಹಾಡಿಕೊಂಡ ಹಾಗಿದೆ. ಮನೆ ಬಿಟ್ಟು, ದೇಶ ಬಿಟ್ಟು, ಮಾರಾಟವಾಗಿ ಬಂದ ಮನುಷ್ಯನ ದನಿ ಹೀಗೇ ಇದ್ದೀತು ಎಂದು ನಂಬುವ ಹಾಗಿದೆ. ಮುಖಕ್ಕೆ ಬಳಿದ ಬಣ್ಣ ಯಾಕೂತನಿಂದ ಕಿತ್ತುಕೊಂಡ ಮಾನವನ್ನು ಈ ದನಿ ಅವನಿಗೆ ವಾಪಸು ಕೊಡುತ್ತದೆ. ಎರಡೂ ಇರುವುದು ಒಂದೇ ಚೌಕಟ್ಟಿನಲ್ಲಿ, ಒಂದೇ ಗಳಿಗೆಯಲ್ಲಿ. ಹಾಗಾಗಿ ಹಾಡಿನ ಸಲುವಾಗಿ ಬಣ್ಣವನ್ನು ಕ್ಷಮಿಸಲು ನಮಗೆ ಆಗುವುದಿಲ್ಲ. ಬಣ್ಣದ ಸಿಟ್ಟಿನಲ್ಲಿ ಹಾಡನ್ನು ಮರೆಯುವುದಕ್ಕೂ ಆಗುವುದಿಲ್ಲ.

ಎರಡನೆಯದು ಮೌನ. ಲತಾ ಮಂಗೇಶ್ಕರ್ ಹಾಡಿದ 'ಏ ದಿಲ್-ಎ-ನಾದಾನ್' ಕೇಳದವರು ಕಡಿಮೆ. ಆ ಹಾಡಿನ ನಡುವೆ ಸಂತೂರ್ ನಿಲ್ಲುತ್ತದೆ, ತಾಳ ನಿಲ್ಲುತ್ತದೆ, ಕೆಲವು ಕ್ಷಣ ಏನೂ ಕೇಳಿಸುವುದಿಲ್ಲ. ಮರಳುಗಾಡು ಮಾತ್ರ. ಹಿಂದಿ ಚಿತ್ರಸಂಗೀತದಲ್ಲಿ ಖಾಲಿ ಜಾಗ ಕಂಡರೆ ಪಿಟೀಲು ತುಂಬುವುದು ರೂಢಿ. ಖಯ್ಯಾಮ್ ಆ ಜಾಗವನ್ನು ಹಾಗೇ ಬಿಟ್ಟರು. ಚಿತ್ರದ ಉದ್ದಕ್ಕೂ ಮಾತಿನ ಮೇಲೆ ಮಾತು ಹೇರಿದ ಅಮ್ರೋಹಿ ಆ ಮೌನಕ್ಕೆ ಒಪ್ಪಿದರಲ್ಲ, ಅದಕ್ಕಾಗಿ ಅವರಿಗೂ ಒಂದು ಸಲಾಮು ಸಲ್ಲಬೇಕು.

ಇನ್ನೊಂದು ಸಣ್ಣ ಮಾತು. ಚಿತ್ರದಲ್ಲಿ ವಝೀರನಾಗಿ ಬರುವವರು ವೃದ್ಧ ಸೊಹ್ರಾಬ್ ಮೋದಿ. 1939ರಲ್ಲಿ ಅವರು 'ಪುಕಾರ್' ತೆಗೆದಾಗ ಅದಕ್ಕೆ ಬರೆದವರು ಇದೇ ಕಮಾಲ್ ಅಮ್ರೋಹಿ. 44 ವರ್ಷಗಳ ನಂತರ ಆ ಗಂಟಲಿನಲ್ಲಿ ಅದೇ ಲೇಖಕನ ಉರ್ದು ತಡವರಿಸದೆ ಹರಿಯುತ್ತದೆ. ಈ ಭಾಷೆ ಯಾರಿಗಾಗಿ ಬರೆದದ್ದು ಎಂಬುದು ಆಗ ತಿಳಿಯುತ್ತದೆ. ಅಂಥ ನಟರ ಕಾಲ 1983ಕ್ಕೆ ಮುಗಿದುಹೋಗಿತ್ತು.

ಇದಕ್ಕೆ ಒಂದು ವರ್ಷ ಮೊದಲು ಬಂದ ಬಿ.ಆರ್. ಚೋಪ್ರಾ ಅವರ 'ನಿಕಾಹ್' (1982) ಸೋತ ಚಿತ್ರವಲ್ಲ, ಭರ್ಜರಿಯಾಗಿ ಓಡಿದ್ದು. ನಮಗೆ ನಿರಾಸೆ ತಂದದ್ದು ಬೇರೆ ಕಾರಣಕ್ಕೆ. ಕುರ್‌ಆನ್ ಹೇಳುವ ಎರಡೂ ಮನೆಯ ಹಿರಿಯರ ಸಂಧಾನ, ಇದ್ದತ್‌ನ ಕಾಲಾವಕಾಶ ಇವು ಯಾವುವೂ ಪ್ರೇಕ್ಷಕರ ಮನಸ್ಸಿನಲ್ಲಿ ನಿಲ್ಲಲಿಲ್ಲ. ನಿಂತದ್ದು ಸಿಟ್ಟಿನಲ್ಲಿ ಮೂರು ಸಲ ಉಸುರುವ ಆ ಒಂದು ಶಬ್ದ. ಆದರೂ ಅಚಲಾ ನಾಗರ್ ಬರೆದ ಕೊನೆಯ ದೃಶ್ಯಕ್ಕಾಗಿ ಆ ಚಿತ್ರವನ್ನು ಉಳಿಸಿಕೊಳ್ಳಬೇಕು. ಒಬ್ಬ ಗಂಡ ಬೇಡವೆಂದು ಬಿಟ್ಟಿದ್ದಾನೆ, ಇನ್ನೊಬ್ಬ ತ್ಯಾಗದ ಹೆಸರಿನಲ್ಲಿ ವಾಪಸು ಕೊಡಲು ಬಂದಿದ್ದಾನೆ. ಇಬ್ಬರಲ್ಲಿ ಯಾರೂ ತನ್ನನ್ನು ಕೇಳಲಿಲ್ಲವಲ್ಲ ಎಂದು ನಿಲೋಫರ್ ತಿರುಗಿ ನಿಲ್ಲುತ್ತಾಳೆ. ಕೆಟ್ಟ ಗಂಡನ ಜೊತೆಗೆ ಒಳ್ಳೆಯ ಗಂಡನನ್ನೂ ಕಟಕಟೆಗೆ ತಂದದ್ದು ಆ ದೃಶ್ಯದ ಹೆಚ್ಚುಗಾರಿಕೆ. ನಮ್ಮ ಕನ್ನಡದಲ್ಲಿ ಸಾರಾ ಅಬೂಬಕ್ಕರ್ 'ಚಂದ್ರಗಿರಿಯ ತೀರದಲ್ಲಿ' ಬರೆದದ್ದು ಹೆಚ್ಚುಕಡಿಮೆ ಅದೇ ಕಾಲದಲ್ಲಿ. ಅಲ್ಲಿನ ನಾದಿರಾಳಿಗೆ ಬಂಗಲೆಯಿಲ್ಲ, ಪಾರ್ಟಿಯಿಲ್ಲ, ತಿರುಗಿ ನಿಂತು ಭಾಷಣ ಮಾಡುವ ಅವಕಾಶವೂ ಇಲ್ಲ. ನೀರಿಗೆ ಬೀಳುವುದೊಂದೇ ಅವಳ ದಾರಿ. ಸತ್ಯ ಹೆಚ್ಚು ಇರುವುದು ಸಾರಾ ಅವರಲ್ಲೇ. ಆದರೆ ಕಾದಂಬರಿ ಓದಲು ಬಾರದ ಎಷ್ಟೋ ಹೆಂಗಸರಿಗೆ ಆ ಪ್ರಶ್ನೆ ಕಿವಿಗೆ ಬಿದ್ದದ್ದು ನಿಲೋಫರಳ ಬಾಯಿಂದ. ಒಂದೇ ಉಸಿರಿನ ಮೂರು ತಲಾಖನ್ನು ಸುಪ್ರೀಂ ಕೋರ್ಟು ತಳ್ಳಿಹಾಕಿದ್ದು 2017ರಲ್ಲಿ.

2006ರಲ್ಲಿ ಜೆ.ಪಿ. ದತ್ತಾ ಮತ್ತೆ ತೆಗೆದ 'ಉಮ್ರಾವ್ ಜಾನ್' ಬಗ್ಗೆ ಹೆಚ್ಚು ಹೇಳುವುದಿಲ್ಲ. 1981ರಲ್ಲಿ ಮುಝಫ್ಫರ್ ಅಲಿ ತೆಗೆದದ್ದನ್ನು ನೋಡಿದವರಿಗೆ ಇದು ಬಣ್ಣದ ಕಾಗದದ ಹೂವು. ಆದರೆ ಕೋಠಿಯ ಯಜಮಾನಿ ಖಾನಂ ಆಗಿ ಶಬಾನಾ ಆಝ್ಮಿ ಇದ್ದಾರೆ. ಹಳೆಯ ಚಿತ್ರದಲ್ಲಿ ಅದೇ ಪಾತ್ರ ಮಾಡಿದ್ದವರು ಅವರ ತಾಯಿ ಶೌಕತ್ ಕೈಫಿ. ಮಗಳು ತಾಯಿಯನ್ನು ನಕಲು ಮಾಡಲಿಲ್ಲ. ಮನುಷ್ಯರನ್ನೇ ಸರಕು ಮಾಡಿಕೊಂಡು ಅಂಗಡಿ ನಡೆಸುವವಳ ಲೆಕ್ಕಾಚಾರ ಮತ್ತು ದಣಿವು ಆ ಮುಖದಲ್ಲಿದೆ. ನಾಯಕಿ ಅಳುವಾಗ ನಾವು ಖಾನಂಳನ್ನು ನೋಡುತ್ತಿರುತ್ತೇವೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಲಖನೌ, ದೆಹಲಿಯ ಮಾತು. ಈ ಚಿತ್ರಗಳ ಉರ್ದುವನ್ನು ನಮ್ಮದೆಂದು ಹೆಮ್ಮೆಪಡುವ ಕರ್ನಾಟಕದ ಮುಸ್ಲಿಮರು ಮನೆಯಲ್ಲಿ ಆಡುವುದು ಬಹುಪಾಲು ದಖನಿ, ಕರಾವಳಿಯಲ್ಲಾದರೆ ಬ್ಯಾರಿ, ನವಾಯತಿ. 'ತಸ್ಲೀಮ್' ಎಂದು ಯಾರೂ ಬಾಗುವುದಿಲ್ಲ. 'ನಕ್ಕೊ' ಎಂದರೆ ಬೇಡ, 'ಹೌ' ಎಂದರೆ ಹೌದು. ಈ ಮಾತಿಗೆ ಹಿಂದಿ ಸಿನಿಮಾ ಕೊಟ್ಟ ಸ್ಥಾನವೇನು? 'ಗುಮ್ನಾಮ್' (1965) ಚಿತ್ರದಲ್ಲಿ ಮೆಹಮೂದ್ ಮಾಡಿದ ಬಟ್ಲರ್‌ನ ಸ್ಥಾನ. ನಗಿಸುವುದು, ಟ್ರೇ ಹಿಡಿದು ಹೋಗುವುದು.

ಅದಕ್ಕೇ 2005ರಲ್ಲಿ ಹೈದರಾಬಾದಿನಿಂದ ಬಂದ 'ದಿ ಅಂಗ್ರೇಜ್' ಚಿತ್ರವನ್ನು ನಾವು ಬಾಡಿಗೆ ಸಿಡಿ ತಂದು ನೋಡಿದಾಗ ಅದರ ದೋಷಗಳನ್ನು ಲೆಕ್ಕ ಹಾಕುವ ವ್ಯವಧಾನವೇ ಇರಲಿಲ್ಲ. ದೋಷಗಳಿಗೇನೂ ಕಡಿಮೆಯಿಲ್ಲ. ವಿದೇಶದಿಂದ ಬಂದ ಇಬ್ಬರು ಹುಡುಗರ ಪ್ರೇಮದ ಕತೆ ಸಪ್ಪೆ, ಅಪಹರಣದ ಕತೆ ಇನ್ನೂ ಸಪ್ಪೆ, ಛಾಯಾಗ್ರಹಣ ಮದುವೆ ವೀಡಿಯೋದ ಹತ್ತಿರ. ಆದರೆ ಚಾರ್‌ಮಿನಾರಿನ ಹತ್ತಿರ ಇಸ್ಮಾಯಿಲ್ ಭಾಯ್, ಸಲೀಂ ಫೇಕು ಮತ್ತು ಅವರ ಚೇಲಾಗಳು ಕಲೆತು ಮಾತಿಗಿಳಿದರೆ ಚಿತ್ರಕ್ಕೆ ಜೀವ ಬರುತ್ತದೆ. ಕೆಲಸವಿಲ್ಲದ, ಜಂಬ ಬಿಡದ, ಹೊಡೆದಾಟಕ್ಕೆ ಹೊರಟು ಓಡಿಬರುವ ಈ ಹುಡುಗರು ಯಾವ ನವಾಬನ ಮಕ್ಕಳೂ ಅಲ್ಲ, ಯಾವ ಬಾಂಬಿನ ಮೇಲೂ ಕೂತಿಲ್ಲ. ನಮ್ಮ ಬೀದರ್, ರಾಯಚೂರು, ಕೋಲಾರದ ಯಾವ ಮೊಹಲ್ಲಾದಲ್ಲಿ ಬೇಕಾದರೂ ಸಿಗುವವರು. ನಿನ್ನೆಯಿಂದ ಹಿಡಿದು ಹತ್ತು ವರ್ಷದ ಹಿಂದಿನದೆಲ್ಲವೂ ಅವರಿಗೆ 'ಪರಸೋಂ'.

ಇಲ್ಲಿಯೂ ನಗು ಇದೆ. ಮೆಹಮೂದರ ಬಟ್ಲರ್ ನಗಿಸುವಾಗ ಅವನ ಮಾತು ಬೇರೆಯವರ ಮಾತಿನ ನಡುವೆ ಒಂಟಿಯಾಗಿತ್ತು. ಇಲ್ಲಿ ಬೈಯುವವನದೂ ಬೈಸಿಕೊಳ್ಳುವವನದೂ ದಖನಿಯೇ. ವಿಲಾಯತಿ ಇಂಗ್ಲಿಷ್ ಆಡುವ ಆ ಇಬ್ಬರು ಹುಡುಗರೇ ಇಲ್ಲಿ ಹೊರಗಿನವರು. ಅವರ ದೃಶ್ಯ ಬಂದಾಗಲೆಲ್ಲ ನಮ್ಮ ಮನೆಯ ಮಕ್ಕಳು ರಿಮೋಟ್ ಒತ್ತಿ ಮುಂದಕ್ಕೆ ಓಡಿಸುತ್ತಿದ್ದರು.