ಮಕ್ಕಳ ನೃತ್ಯದಲ್ಲಿ ಔಚಿತ್ಯ: ರಾಂಜಣಗಾಂವದ ಒಂದು ವೇದಿಕೆಯ ನಿಮಿತ್ತ

ಪುಣೆಯಿಂದ ಅಹಿಲ್ಯಾನಗರದ (ಹಿಂದಿನ ಅಹಮದ್‌ನಗರದ) ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಪುಣೆಯಿಂದ ಸುಮಾರು 50 ಕಿಲೋಮೀಟರು ದೂರದಲ್ಲಿ, ಶಿರೂರು ತಾಲ್ಲೂಕಿಗೆ ಸೇರಿದ ರಾಂಜಣಗಾಂವ ಇದೆ. ಅಷ್ಟವಿನಾಯಕ ಕ್ಷೇತ್ರಗಳಲ್ಲಿ ಒಂದಾದ ಇಲ್ಲಿನ ದೇವರು ಮಹಾಗಣಪತಿ. ತ್ರಿಪುರಾಸುರನ ಸಂಹಾರಕ್ಕೆ ಹೊರಟ ಶಿವನು ಇಲ್ಲಿ ಗಣಪತಿಯನ್ನು ಅರ್ಚಿಸಿದನೆಂಬುದು ಸ್ಥಳಪುರಾಣ. ಊರಿನ ಮಗ್ಗುಲಲ್ಲಿ ದೊಡ್ಡ ಕೈಗಾರಿಕಾ ವಸಾಹತು ಬೆಳೆದಿದ್ದು, ಅಲ್ಲಿ ದುಡಿಯುವವರಲ್ಲಿ ನಮ್ಮ ಉತ್ತರದ ಜಿಲ್ಲೆಗಳಿಂದ ಬಂದ ಕನ್ನಡ ಕುಟುಂಬಗಳೂ ಇವೆ.

ಕೆಲವು ವರ್ಷಗಳ ಹಿಂದೆ ಭಾದ್ರಪದದ ಒಂದು ಸಂಜೆ ಅಲ್ಲಿನ ಬಡಾವಣೆಯೊಂದರ ಗಣೇಶೋತ್ಸವದಲ್ಲಿ ಮಕ್ಕಳ ನೃತ್ಯಗಳನ್ನು ನೋಡುವ ಸಂದರ್ಭ ನನಗೆ ಒದಗಿತು. ಎಂಟು ಒಂಬತ್ತು ವರ್ಷದ ಬಾಲಕಿಯರು ಮರಾಠಿ ಚಲನಚಿತ್ರದ ಲಾವಣಿಯೊಂದಕ್ಕೆ ಕುಣಿದರು. ಅವರ ಭಂಗಿಗಳನ್ನು ಇಲ್ಲಿ ವರ್ಣಿಸುವುದಿಲ್ಲ. ವರ್ಣನೆಯೂ ಒಂದು ಬಗೆಯ ನೋಟವೇ ಆಗುತ್ತದೆ. ಹಿಂದಿನ ಸಾಲುಗಳಿಂದ ಸಿಳ್ಳೆಗಳು ಕೇಳಿಬಂದವು. ಕುಣಿತ ಮುಗಿದ ಮೇಲೆ ಕಲಬುರಗಿ ಸೀಮೆಯ ತಾಯಿಯೊಬ್ಬಳ ಬಳಿಗೆ ಓಡಿಬಂದ ಮಗು, ‘ಅವ್ವಾ, ಅವ್ರು ಯಾಕ ಸೀಟಿ ಹೊಡದ್ರು?’ ಎಂದು ಕೇಳಿತು. ತಾಯಿ ನಕ್ಕು ಸುಮ್ಮನಾದಳು. ಪಕ್ಕದಲ್ಲಿ ಕುಳಿತಿದ್ದ ನನಗೂ ಉತ್ತರ ಹೊಳೆಯಲಿಲ್ಲ. ಪ್ರಸ್ತುತ ಲೇಖನವು ಆ ಪ್ರಶ್ನೆಯನ್ನು ವಿಮರ್ಶೆಯ ಪ್ರಶ್ನೆಯನ್ನಾಗಿ ಎತ್ತಿಕೊಳ್ಳುವ ಒಂದು ಯತ್ನ.

ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಇದು ಅಶ್ಲೀಲ, ಇದನ್ನು ನಿಷೇಧಿಸಬೇಕು ಎಂಬುದು ಒಂದು. ಮಕ್ಕಳಿಗೆ ಏನು ತಿಳಿಯುತ್ತದೆ, ಅವರು ತಾಳಕ್ಕೆ ಕುಣಿಯುತ್ತಾರೆ, ಕೆಟ್ಟದ್ದು ನೋಡುವವರ ಕಣ್ಣಿನಲ್ಲಿದೆ ಎಂಬುದು ಇನ್ನೊಂದು. ಮೊದಲನೆಯದು ಉಡುಪಿನ ಅಳತೆಯನ್ನು ಹಿಡಿದು ಮಾತನಾಡುತ್ತದೆ. ಎರಡನೆಯದು ಅರ್ಥವೆಂಬುದೇ ಇಲ್ಲವೆಂಬಂತೆ ಮಾತನಾಡುತ್ತದೆ. ಎರಡೂ ಅಪೂರ್ಣವೆಂದು ನನ್ನ ಅಭಿಪ್ರಾಯ.

ಮೊದಲನೆಯದನ್ನು ನೋಡೋಣ. ಉಡುಪಿನ ಅಳತೆಯೇ ಔಚಿತ್ಯದ ಅಳತೆಯಾಗಿದ್ದರೆ, ಲಾವಣಿಯ ಒಂಬತ್ತು ಗಜದ ಸೀರೆಯನ್ನು ಆಕ್ಷೇಪಿಸಲು ಆಸ್ಪದವೇ ಇಲ್ಲ. ಅದು ಮೈಯನ್ನು ಪೂರ್ತಿ ಮುಚ್ಚುತ್ತದೆ. ಈಜುಕೊಳದಲ್ಲಿರುವ ಮಗುವಿನ ಉಡುಪು ಅದಕ್ಕಿಂತ ಎಷ್ಟೋ ಕಿರಿದು. ಅಲ್ಲಿ ಯಾರಿಗೂ ಸಂದೇಹ ಬರುವುದಿಲ್ಲ. ಲಾವಣಿ ಎಂಬ ಪ್ರಕಾರವನ್ನೇ ದೂರುವುದೂ ಸಲ್ಲದು. ಅದು ಸೊಲ್ಲಾಪುರದ ರಾಮ ಜೋಶಿಯಂಥ ಶಾಹಿರರು ಬೆಳೆಸಿದ ಘನವಾದ ಪರಂಪರೆ. ವಿಜಯಪುರದ ಕಡೆಯ ಹರದೇಶಿ–ನಾಗೇಶಿ ಮೇಳಗಳನ್ನು ಬಲ್ಲ ಕನ್ನಡಿಗನು ಅದನ್ನು ಹೊರಗಿನದೆಂದು ಹೇಳಲಾರ.

ನಿಷೇಧದ ದಾರಿಗೆ ನಮ್ಮಲ್ಲಿ ಒಂದು ಇತಿಹಾಸವೂ ಇದೆ. ಮೈಸೂರು ಸಂಸ್ಥಾನವು 1909ರಲ್ಲಿ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಮದರಾಸಿನಲ್ಲಿ 1947ರಲ್ಲಿ, ಕರ್ನಾಟಕದಲ್ಲಿ 1982ರಲ್ಲಿ, ಮಹಾರಾಷ್ಟ್ರದಲ್ಲಿ 2005ರಲ್ಲಿ ಈ ಪದ್ಧತಿಯ ವಿರುದ್ಧ ಕಾಯಿದೆಗಳು ಬಂದವು. ಎಳೆಯ ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಬಿಟ್ಟು ಹಿರಿಯರ ಭೋಗಕ್ಕೆ ಅಣಿಗೊಳಿಸುತ್ತಿದ್ದ ಪದ್ಧತಿಗೆ ಈ ಕಾಯಿದೆಗಳು ಅವಶ್ಯವಾಗಿದ್ದವು. ಆದರೆ ಅದರ ಜೊತೆಜೊತೆಗೆ ಬೆಳೆದ ನೈತಿಕ ತಿರಸ್ಕಾರವು ಪೀಡಿಸಿದವರನ್ನು ಬಿಟ್ಟು ಕುಣಿಯುವವರನ್ನೇ ಕಳಂಕಿತರನ್ನಾಗಿಸಿತೆಂಬುದನ್ನು ಮರೆಯುವಂತಿಲ್ಲ. ರಾಂಜಣಗಾಂವದ ಆ ಬಾಲಕಿಯರ ಮೇಲೆ ಅದೇ ಕಳಂಕವನ್ನು ಹೊರಿಸುವ ಟೀಕೆಯು ಟೀಕೆಯೇ ಅಲ್ಲ. ಮಗುವಿನ ಕಡೆಗೆ ಬೆರಳು ತೋರಿಸದೆ ಈ ವಿಷಯವನ್ನು ವಿವೇಚಿಸುವುದು ಸಾಧ್ಯವಾಗಬೇಕು.

ಇನ್ನು ಎರಡನೆಯ ಮಾತು. ಮಗುವಿಗೆ ಅರ್ಥ ತಿಳಿಯದು ಎಂಬುದು ನಿಜವಿರಬಹುದು. ಆದರೆ ತೊಡಕು ಹುಟ್ಟುವುದೇ ಅಲ್ಲಿಂದ. 2010ರಲ್ಲಿ ತೆರೆಕಂಡ ‘ನಟರಂಗ’ ಎಂಬ ಮರಾಠಿ ಚಿತ್ರವನ್ನು ಉದಾಹರಣೆಯಾಗಿ ನೋಡಬಹುದು. ಆನಂದ ಯಾದವರ 1978ರ ಕಾದಂಬರಿಯನ್ನು ಆಧರಿಸಿದ ಈ ಚಿತ್ರವು ತಮಾಶಾದ ‘ನಾಚ್ಯಾ’ ಪಾತ್ರವನ್ನು ವಹಿಸಿದ ಗಂಡಸೊಬ್ಬನು ಅನುಭವಿಸುವ ಅವಮಾನದ ಕಥೆ. ಇದರ ‘ವಾಜಲೇ ಕೀ ಬಾರಾ’ ಎಂಬ ಲಾವಣಿ ಬಹು ಜನಪ್ರಿಯವಾಗಿ ಶಾಲೆಯ ಸಮ್ಮೇಳನಗಳಿಗೂ ಉತ್ಸವದ ವೇದಿಕೆಗಳಿಗೂ ಇಳಿಯಿತು. ಹೊತ್ತು ನಡುರಾತ್ರಿಯಾಯಿತು, ನನ್ನನ್ನು ಮನೆಗೆ ಹೋಗಗೊಡು ಎಂದು ಪ್ರೌಢೆಯೊಬ್ಬಳು ಪುರುಷನೊಡನೆ ನಡೆಸುವ ಸಂವಾದ ಅದರ ವಸ್ತು. ಚಿತ್ರದಲ್ಲಿ ಆ ಹಾಡಿಗೆ ಎರಡು ಆವರಣಗಳಿವೆ: ಹಾಡುವವಳು ವೃತ್ತಿಯನ್ನು ಬಲ್ಲ ಪ್ರೌಢ ಕಲಾವಿದೆ ಎಂಬುದು ಒಂದು, ಆ ವೃತ್ತಿಯು ತೆರಬೇಕಾದ ಬೆಲೆಯನ್ನು ಕಥೆಯೇ ಪ್ರೇಕ್ಷಕನಿಗೆ ತೋರಿಸುತ್ತಿದೆ ಎಂಬುದು ಮತ್ತೊಂದು. ಮಕ್ಕಳ ವೇದಿಕೆಗೆ ಬಂದಾಗ ಎರಡೂ ಆವರಣಗಳು ಕಳಚಿಬಿದ್ದು, ಉಳಿಯುವುದು ಆಮಂತ್ರಣದ ಧ್ವನಿ ಮಾತ್ರ. ಆ ಧ್ವನಿಯು ಮಗುವಿನ ಮೂಲಕ ಹಾದು ಪ್ರೇಕ್ಷಕನನ್ನು ಮುಟ್ಟುತ್ತದೆ. ನಡುವೆ ನಿಂತಿರುವ ಮಗು ಅದರ ಒಡತಿಯಲ್ಲ, ಕೇವಲ ವಾಹಕ. ಸಿಳ್ಳೆ ಹಾಕಿದವನಿಗೆ ಅರ್ಥವಾಗಿದೆ. ಸಿಳ್ಳೆ ಹಾಕಿಸಿಕೊಂಡವಳಿಗೆ ಆಗಿಲ್ಲ. ಈ ಅಸಮತೆಯೇ ಅನೌಚಿತ್ಯದ ತಿರುಳು.

ಔಚಿತ್ಯವೆಂಬ ಮಾತನ್ನು ಇಲ್ಲಿ ಶಿಷ್ಟಾಚಾರದ ಅರ್ಥದಲ್ಲಿ ಬಳಸುತ್ತಿಲ್ಲ. ರಸಭಂಗಕ್ಕೆ ಅನೌಚಿತ್ಯದ ಹೊರತು ಬೇರೆ ಕಾರಣವಿಲ್ಲವೆಂಬುದು ಆನಂದವರ್ಧನನ ನಿಲುವು. 11ನೆಯ ಶತಮಾನದ ಕ್ಷೇಮೇಂದ್ರನು ಔಚಿತ್ಯವನ್ನೇ ಕಾವ್ಯದ ಜೀವವೆಂದು ವಿಸ್ತರಿಸಿದನು. ಪಾತ್ರ, ವಯಸ್ಸು, ಭಾವ, ಮಾತು ಇವು ಒಂದಕ್ಕೊಂದು ಹೊಂದಿ ನಿಲ್ಲುವುದೇ ಅವರ ಲೆಕ್ಕದಲ್ಲಿ ಔಚಿತ್ಯ. ಹಾಗಾಗಿ ಮಗುವಿನ ಮೈಗೆ ಪ್ರೌಢೆಯ ರತಿಭಾವವನ್ನು ತೊಡಿಸುವುದು ನೀತಿಯ ದೋಷವಾಗುವುದಕ್ಕೆ ಮುನ್ನ ಕಲೆಯ ದೋಷವೇ ಆಗಿದೆ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಕಾರ್ಯಪಡೆಯೊಂದು 2007ರಲ್ಲಿ ಹೆಣ್ಣುಮಕ್ಕಳನ್ನು ಕುರಿತು ವರದಿಯನ್ನು ಪ್ರಕಟಿಸಿತು. ಲೈಂಗಿಕತೆಯನ್ನು ಹೊರಗಿನಿಂದ ಒಬ್ಬರ ಮೇಲೆ ಹೇರುವುದು ಮಕ್ಕಳ ವಿಷಯದಲ್ಲಿ ವಿಶೇಷವಾಗಿ ಗಮನಿಸಬೇಕಾದ ಲಕ್ಷಣವೆಂದು ಅದು ಹೇಳಿತು. ನಮ್ಮ ಅಲಂಕಾರಶಾಸ್ತ್ರದ ಮಾತಿನಲ್ಲಿ ಇದು ‘ಆರೋಪ’. ರೂಪಕದಲ್ಲಿ ಆರೋಪವು ಸೊಗಸು. ಮಗುವಿನ ಮೇಲೆ ನಡೆದಾಗ ಅದು ಅಪಹಾರ.

ಮಧ್ಯಕಾಲೀನ ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಇಲ್ಲಿ ಪಂಪನ ‘ಆದಿಪುರಾಣ’ದ (941) ನೀಲಾಂಜನೆಯ ಪ್ರಸಂಗ ನೆನಪಾಗುತ್ತದೆ. ಆಯುಷ್ಯವು ತೀರಲಿರುವ ದೇವನರ್ತಕಿಯನ್ನು ಇಂದ್ರನು ವೃಷಭನಾಥನ ಸಭೆಗೆ ಕರೆತಂದು ಕುಣಿಸುತ್ತಾನೆ. ಕುಣಿತದ ನಡುವೆ ಅವಳು ಮಾಯವಾಗುತ್ತಾಳೆ. ರಸಭಂಗವಾಗಬಾರದೆಂದು ಇಂದ್ರನು ಕೂಡಲೆ ಅವಳಂಥದೇ ರೂಪವನ್ನು ಅಲ್ಲಿ ನಿಲ್ಲಿಸುತ್ತಾನೆ. ಸಭೆಗೆ ಏನೂ ತಿಳಿಯುವುದಿಲ್ಲ. ಒಬ್ಬಳು ಇಲ್ಲವಾದಳೆಂಬುದನ್ನು ಕಂಡವನು ವೃಷಭನೊಬ್ಬನೇ. ಈ ಪ್ರಸಂಗವನ್ನು ಸಾಮಾನ್ಯವಾಗಿ ವೈರಾಗ್ಯದ ನಿಮಿತ್ತವೆಂದು ಓದುತ್ತೇವೆ; ಅದು ಸರಿಯೇ. ಆದರೆ ನೋಟವನ್ನು ಕುರಿತ ಒಂದು ವಿವೇಚನೆಯೂ ಇದರಲ್ಲಿದೆ. ಕುಣಿತವನ್ನು ಏರ್ಪಡಿಸಿದವನ ಉದ್ದೇಶವು ಕುಣಿಯುವವಳದಲ್ಲ. ಪ್ರದರ್ಶನವು ತಡೆಯಿಲ್ಲದೆ ಸಾಗುತ್ತಿದೆ ಎಂಬ ಮಾತ್ರಕ್ಕೆ ಯಾರೂ ಕಾಣೆಯಾಗಿಲ್ಲವೆಂದು ಹೇಳಲಾಗದು. ಉತ್ಸವದ ವೇದಿಕೆಯಲ್ಲಿಯೂ ಮಗು ಸರಿದುಹೋಗಿ ಅದರ ಜಾಗದಲ್ಲಿ ತೆರೆಯ ಮೇಲಿನ ನರ್ತಕಿಯ ಪ್ರತಿರೂಪವು ನಿಂತಾಗ ಸಭೆಯು ಚಪ್ಪಾಳೆ ತಟ್ಟುತ್ತಲೇ ಇರುತ್ತದೆ. ವಿಮರ್ಶಕನ ಕೆಲಸ ಆ ಬದಲಾವಣೆಯನ್ನು ಗುರುತಿಸುವುದು.

ಇಲ್ಲಿ ಒಂದು ಗಂಭೀರವಾದ ಆಕ್ಷೇಪವು ಏಳಬಹುದು. ಶೃಂಗಾರವು ನಮ್ಮ ಶಾಸ್ತ್ರೀಯ ನೃತ್ಯದ ಪ್ರಾಣ. ಅದನ್ನು ಎಳೆಯ ವಯಸ್ಸಿನಲ್ಲಿಯೇ ಕಲಿಯುತ್ತಿದ್ದರಲ್ಲವೆ? ಬಾಲಸರಸ್ವತಿಯವರ ರಂಗಪ್ರವೇಶವು 1925ರಲ್ಲಿ, ಏಳನೆಯ ವಯಸ್ಸಿನಲ್ಲಿ ನಡೆಯಿತು. ಮೈಸೂರಿನ ಕೆ. ವೆಂಕಟಲಕ್ಷಮ್ಮನವರು (1906–2002) ಜಟ್ಟಿ ತಾಯಮ್ಮನವರಲ್ಲಿ ಕಲಿಯತೊಡಗಿದ್ದು ಎಂಟನೆಯ ವಯಸ್ಸಿನಲ್ಲಿ. ಆದ್ದರಿಂದ ವಯಸ್ಸೊಂದೇ ನಿರ್ಣಾಯಕವಲ್ಲ ಎಂಬುದನ್ನು ಒಪ್ಪಬೇಕು. ಆದರೆ ಕಲಿಕೆಯ ಕ್ರಮವನ್ನು ಗಮನಿಸಬೇಕು. ತಂಜಾವೂರು ಸಹೋದರರು ರೂಪಿಸಿದ ಕಛೇರಿಯ ಕ್ರಮದಲ್ಲಿ (ಆ ಸಹೋದರರಲ್ಲಿ ಚಿನ್ನಯ್ಯನವರು ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿದ್ದರು) ಅಲರಿಪು, ಜತಿಸ್ವರಗಳು ಮೊದಲು ಬರುತ್ತವೆ. ಇವು ಅರ್ಥದ ಹೊರೆಯಿಲ್ಲದ ಶುದ್ಧ ನೃತ್ತ. ಪದ ಮತ್ತು ಜಾವಳಿಗಳ ಸರದಿ ತಡವಾಗಿ ಬರುತ್ತದೆ. ಮೈಯನ್ನು ಮೊದಲು ಲಯಕ್ಕೆ ಒಪ್ಪಿಸಿ, ಅರ್ಥವನ್ನು ಮುಂದಕ್ಕೆ ಕಾಯ್ದಿರಿಸುವ ವಿವೇಕ ಇದು. ವೆಂಕಟಲಕ್ಷಮ್ಮನವರು ಪದ, ಜಾವಳಿಗಳ ಅಭಿನಯಕ್ಕೆ ಹೆಸರಾದದ್ದು ಇಳಿವಯಸ್ಸಿನವರೆಗೂ ಬೆಳೆದ ಪಕ್ವತೆಯಿಂದ. ಚಲನಚಿತ್ರದ ಹಾಡನ್ನು ಹದಿನೈದು ದಿನಗಳಲ್ಲಿ ಕಲಿಸುವಾಗ ಈ ಕ್ರಮವು ತಲೆಕೆಳಗಾಗುತ್ತದೆ: ಪ್ರೌಢೆಯ ಇಂಗಿತವೇ ಮೊದಲ ಪಾಠವಾಗಿ, ನೃತ್ತವು ಕಲಿಸದೆ ಉಳಿಯುತ್ತದೆ.

ಮಗುವಿಗೆಂದೇ ಜಾಗವನ್ನು ಮಾಡಿಕೊಟ್ಟ ರಂಗಭೂಮಿಯೂ ನಮ್ಮಲ್ಲಿದೆ. ಯಕ್ಷಗಾನದ ಪೂರ್ವರಂಗದಲ್ಲಿ ಹೊಸದಾಗಿ ಮೇಳಕ್ಕೆ ಸೇರಿದ ಹುಡುಗನು ಮೊದಲು ಕೋಡಂಗಿಯಾಗುತ್ತಾನೆ, ಅನಂತರ ಬಾಲಗೋಪಾಲನಾಗುತ್ತಾನೆ. ಕೋಡಂಗಿಯ ತಪ್ಪು ಹೆಜ್ಜೆಯೂ ಅದರ ಪಾತ್ರಕ್ಕೆ ಒಪ್ಪುತ್ತದೆ. ಬಾಲಗೋಪಾಲರು ಬಲರಾಮ ಕೃಷ್ಣರು, ಅಂದರೆ ಮಕ್ಕಳೇ. ವಯಸ್ಸು, ವೇಷ, ಪಾತ್ರ ಮೂರೂ ಇಲ್ಲಿ ಹೊಂದಿಕೊಳ್ಳುತ್ತವೆ. ಹಳೆಯ ಮೇಳಗಳ ಬದುಕು ಹುಡುಗರಿಗೆ ಸುಖಕರವಾಗಿತ್ತೆಂದು ನಾನು ಹೇಳುತ್ತಿಲ್ಲ. ರಂಗದ ರಚನೆಯಲ್ಲಿ ಅಡಗಿರುವ ತಿಳಿವಳಿಕೆಯನ್ನು ಕುರಿತು ಹೇಳುತ್ತಿದ್ದೇನೆ. 1975ರಲ್ಲಿ ಸ್ಥಾಪಿತವಾದ ಸಾಲಿಗ್ರಾಮ ಮಕ್ಕಳ ಮೇಳವು ಈ ತಿಳಿವಳಿಕೆಯನ್ನು ವಿಸ್ತರಿಸಿ, ಮಕ್ಕಳಿಂದಲೇ ಪೂರ್ಣ ಪ್ರಸಂಗಗಳನ್ನು ಆಡಿಸಿತು. ಹೊರನಾಡಿನ ದೃಷ್ಟಿಯಿಂದ ಕೇರಳದ ಶಾಲಾ ಕಲೋತ್ಸವವೂ ಗಮನಾರ್ಹ. ಅದರ ಸ್ಪರ್ಧೆಗಳಲ್ಲಿ ಯಕ್ಷಗಾನಕ್ಕೂ ಸ್ಥಾನವಿರುವುದರಿಂದ ಕಾಸರಗೋಡಿನ ಕನ್ನಡ ಮಕ್ಕಳಿಗೆ ತಮ್ಮ ಭಾಷೆಯ ಕಲೆಯೊಡನೆ ಸಾರ್ವಜನಿಕ ವೇದಿಕೆಯನ್ನು ಏರುವ ಅವಕಾಶ ದೊರೆತಿದೆ.

ಕಾನೂನಿನ ಸಹಾಯವು ಎಲ್ಲಿಯವರೆಗೆ ಬರುತ್ತದೆ? ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯವು 2019ರ ಜೂನ್ 18ರಂದು ಖಾಸಗಿ ವಾಹಿನಿಗಳಿಗೆ ಒಂದು ಸಲಹಾಪತ್ರವನ್ನು ಹೊರಡಿಸಿತು. ಚಲನಚಿತ್ರಗಳಲ್ಲಿ ವಯಸ್ಕರು ಮಾಡಿದ ನೃತ್ಯಗಳನ್ನು ಸ್ಪರ್ಧಾ ಕಾರ್ಯಕ್ರಮಗಳಲ್ಲಿ ಮಕ್ಕಳಿಂದ ಮಾಡಿಸಲಾಗುತ್ತಿದೆ, ಅವು ಅನೇಕ ವೇಳೆ ವಯಸ್ಸಿಗೆ ಒಪ್ಪದ ಇಂಗಿತವುಳ್ಳವು ಎಂದು ಅದು ಎಚ್ಚರಿಸಿತು. ಬಾಲಕಾರ್ಮಿಕ ಕಾಯಿದೆಯಡಿ 2017ರಲ್ಲಿ ತಿದ್ದುಪಡಿಯಾದ ನಿಯಮಗಳು ಬಾಲಕಲಾವಿದರ ಕೆಲಸವನ್ನು ದಿನಕ್ಕೆ ಐದು ಗಂಟೆಗಳಿಗೆ ಮಿತಿಗೊಳಿಸಿ, ಗಳಿಕೆಯ ಶೇಕಡ 20ರಷ್ಟನ್ನಾದರೂ ಮಗುವಿನ ಹೆಸರಿನಲ್ಲಿ ಠೇವಣಿ ಇಡಬೇಕೆಂದು ವಿಧಿಸಿದವು. ಮಗುವಿನ ಇಚ್ಛೆಯ ವಿರುದ್ಧ ಅದನ್ನು ತೊಡಗಿಸಬಾರದೆಂದೂ ಹೇಳಿದವು. ಇವು ಉಪಯುಕ್ತವೇ. ಆದರೆ ಸಲಹಾಪತ್ರವು ವಾಹಿನಿಗಳಿಗೆ ಅನ್ವಯಿಸುವಂಥದು, ಬಡಾವಣೆಯ ಚಪ್ಪರಕ್ಕಲ್ಲ; ನಿಯಮಗಳು ಹೊತ್ತನ್ನೂ ಹಣವನ್ನೂ ಅಳೆಯಬಲ್ಲವು, ಅರ್ಥವನ್ನಲ್ಲ. ಅರ್ಥವೇ ತಿಳಿಯದ ಮಗುವಿನ ಒಪ್ಪಿಗೆಯು ಹೆಜ್ಜೆಗಳಿಗೆ ಕೊಟ್ಟ ಒಪ್ಪಿಗೆ ಮಾತ್ರ.

ಆದ್ದರಿಂದ ಹೊಣೆಯು ಉಳಿಯುವುದು ವೇದಿಕೆಯನ್ನು ಕಟ್ಟುವವರ ಮೇಲೆ. ಹಾಡನ್ನು ಆರಿಸುವ ಮುನ್ನ ಅವರು ಒಂದು ಪರೀಕ್ಷೆಯನ್ನು ಮಾಡಬಹುದು: ಈ ಹಾಡು ಯಾರು ಯಾರಿಗೆ ಹೇಳುವ ಮಾತು ಎಂಬುದನ್ನು ಕುಣಿಯಲಿರುವ ಮಗುವಿಗೆ ಸಂಕೋಚವಿಲ್ಲದೆ ವಿವರಿಸಲು ಸಾಧ್ಯವೆ? ಸಾಧ್ಯವಾದರೆ ಆ ಹಾಡು ಯಾವ ಪ್ರಕಾರದ್ದಾದರೂ ಸರಿಯೆ, ಮಗುವಿಗೆ ಸಲ್ಲುತ್ತದೆ. ಸಾಧ್ಯವಿಲ್ಲವಾದರೆ ಅದು ಮಗುವಿನ ಬಾಯಿಯಿಂದ ವಯಸ್ಕರು ತಮ್ಮೊಳಗೆ ಆಡಿಕೊಳ್ಳುತ್ತಿರುವ ಮಾತು. ದುಡಿಮೆಗಾಗಿ ಊರು ಬಿಟ್ಟು ಬಂದ ಕುಟುಂಬಕ್ಕೆ ಉತ್ಸವದ ವೇದಿಕೆಯು ನೆರೆಯವರೊಡನೆ ಬೆರೆಯುವ ಬಾಗಿಲು. ಅಲ್ಲಿ ತನ್ನ ಮಗಳು ಮೆಚ್ಚುಗೆ ಪಡೆಯಲೆಂಬ ತಾಯಿಯ ಹಂಬಲವನ್ನು ಹಗುರವಾಗಿ ಕಾಣಲಾಗದು. ಆ ಹಂಬಲಕ್ಕೆ ಸಿನಿಮಾ ಹಾಡಲ್ಲದೆ ಬೇರೇನು ದೊರೆಯುವಂತಿದೆ ಎಂಬುದು ನಮ್ಮನ್ನೇ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ. ಕೋಲಾಟ, ಲಂಬಾಣಿ ಕುಣಿತ, ಬಾಲಗೋಪಾಲರ ಹೆಜ್ಜೆ ಇವುಗಳನ್ನು ಕಲಿಸಬಲ್ಲವರು ಇಂಥ ವಸಾಹತುಗಳನ್ನು ತಲುಪಿದ್ದು ವಿರಳ.

ಹೊರನಾಡಿನ ಸಂಶೋಧಕರು ತಮ್ಮ ತಮ್ಮ ನೆಲೆಗಳಲ್ಲಿ ಮಕ್ಕಳ ವೇದಿಕೆಗಳ ಕಾರ್ಯಕ್ರಮ ಪಟ್ಟಿಗಳನ್ನು, ಹಾಡುಗಳನ್ನು, ಕಲಿಸುವವರ ಹಿನ್ನೆಲೆಯನ್ನು ವ್ಯವಸ್ಥಿತವಾಗಿ ದಾಖಲಿಸಿದರೆ ಈ ಚರ್ಚೆಗೆ ಗಟ್ಟಿಯಾದ ಆಧಾರವು ಒದಗೀತು. ದಾಖಲಿಸುವಾಗ ಮಕ್ಕಳ ಹೆಸರುಗಳನ್ನೂ ಚಿತ್ರಗಳನ್ನೂ ಹೊರಗಿಡಬೇಕೆಂಬುದು ನನ್ನ ವಿನಂತಿ. ಅಂದು ಆ ಮಗು ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕಾಗಿದ್ದವರು ಸಿಳ್ಳೆ ಹಾಕಿದವರು, ಹಾಡನ್ನು ಆರಿಸಿದವರು ಮತ್ತು ಸುಮ್ಮನೆ ಕುಳಿತು ನೋಡಿದ ನಾವು.