ದೇಶವ್ರತವೂ ಅಡುಗೆಮನೆಯ ಖರೀದಿಯೂ

ಜೈನ ಗೃಹಸ್ಥನ ಆಹಾರವಿವೇಕವು ಬಹುಮಟ್ಟಿಗೆ ಎರಡು ಪ್ರಶ್ನೆಗಳನ್ನು ಆಶ್ರಯಿಸಿ ಬೆಳೆದುಬಂದಿದೆ: ಏನನ್ನು ತಿನ್ನಬೇಕು, ಯಾವಾಗ ತಿನ್ನಬೇಕು. ಕಂದಮೂಲಗಳ ವರ್ಜನೆ, ರಾತ್ರಿಭೋಜನ ತ್ಯಾಗ, ಸೋಸಿದ ನೀರು, ಚಾತುರ್ಮಾಸದಲ್ಲಿ ಸೊಪ್ಪಿನ ನಿಯಮ ಇವೆಲ್ಲವೂ ಆ ಪ್ರಶ್ನೆಗಳಿಗೆ ದೊರೆತ ಉತ್ತರಗಳು. ಯಾರಿಂದ, ಎಲ್ಲಿಂದ, ಯಾವ ರೀತಿಯಲ್ಲಿ ಕೊಳ್ಳಬೇಕು ಎಂಬ ಮೂರನೆಯ ಪ್ರಶ್ನೆ ಮಾತ್ರ ಪ್ರವಚನಗಳಲ್ಲಿ ಅಪರೂಪ. ಮನೆಯಲ್ಲಿ ಅದು ಸಂತೆಯ ಚೀಲದ ವಿಷಯ. ಸಂಸ್ಥೆಗಳಲ್ಲಿ ಗುಮಾಸ್ತರ ವಿಷಯ.

ಇತ್ತೀಚಿನ ವರ್ಷಗಳಲ್ಲಿ ಸ್ಥಳೀಯ ಆಹಾರವನ್ನೇ ಕೊಳ್ಳಬೇಕೆಂಬ ಮಾತು ನಗರಗಳಲ್ಲಿ ಪ್ರಬಲವಾಗಿದೆ. ಶ್ರಾವಕನ ದೇಶವ್ರತವು ಇದನ್ನೇ ಹೇಳುತ್ತದೆಂದು ಸಮರ್ಥಿಸುವುದೂ ಸುಲಭ. ಈ ಸಮೀಕರಣ ಎಷ್ಟರಮಟ್ಟಿಗೆ ಸರಿ ಎಂಬುದು ವಿಚಾರಣೀಯ.

ಮೇಲ್ನೋಟಕ್ಕೆ ಆಧಾರ ಬಲವಾಗಿಯೇ ಇದೆ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ದೇಶಾವಕಾಶಿಕ ವ್ರತದ ಎಲ್ಲೆಗಳಾಗಿ ಮನೆ, ಗ್ರಾಮ, ಹೊಲ, ನದಿ, ಕಾಡು ಮತ್ತು ಯೋಜನಗಳನ್ನು ಹೆಸರಿಸುತ್ತಾರೆ. ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಈ ವ್ರತಕ್ಕೆ ಹೇಳುವ ಐದು ಅತಿಚಾರಗಳಲ್ಲಿ ಮೊದಲನೆಯದು ಆನಯನ, ಅಂದರೆ ಎಲ್ಲೆಯ ಹೊರಗಿನಿಂದ ವಸ್ತುಗಳನ್ನು ತರಿಸಿಕೊಳ್ಳುವುದು. ತಾನು ಎಲ್ಲೆಯೊಳಗೆ ಕುಳಿತು ಆಳನ್ನು ಹೊರಗೆ ಕಳುಹಿಸುವುದೂ ದೋಷವೇ. ದೂರದ ಹಣ್ಣನ್ನು ಬಾಗಿಲಿಗೆ ತರಿಸುವ ಇಂದಿನ ಗೃಹಸ್ಥನಿಗೆ ಈ ಮಾತು ನೇರವಾಗಿ ತಾಗುತ್ತದೆ.

ಆದರೆ ವ್ರತದ ಉದ್ದೇಶ ಊರಿನ ಸರಕಿನ ಮೇಲಿನ ಅಭಿಮಾನವಲ್ಲ. ಎಲ್ಲೆಯ ಹೊರಗೆ ಸ್ಥೂಲ ಸೂಕ್ಷ್ಮ ಪಾಪಗಳೆಲ್ಲವೂ ನಿಲ್ಲುವುದರಿಂದ ಆ ಕ್ಷೇತ್ರದ ಮಟ್ಟಿಗೆ ಗೃಹಸ್ಥನು ಮಹಾವ್ರತಿಗೆ ಸಮಾನನಾಗುತ್ತಾನೆ ಎಂಬುದು ಅದರ ತಿರುಳು. ಎಲ್ಲೆಯ ಒಳಗೆ ಅವನು ಅಣುವ್ರತಿಯೇ. ಅಲ್ಲಿ ಅವನ ಹೊಣೆ ಕುಗ್ಗುವುದಿಲ್ಲ. ಕ್ಷೇತ್ರ ಕಿರಿದಾದಷ್ಟೂ ಕಣ್ಣಿಗೆ ಬೀಳುವುದು ಹೆಚ್ಚು. ಕಂಡದ್ದಕ್ಕೆ ಉತ್ತರ ಹೇಳಬೇಕಾದದ್ದೂ ಹೆಚ್ಚು. ಹತ್ತಿರದಿಂದ ಕೊಂಡ ಮಾತ್ರಕ್ಕೆ ಕೊಂಡದ್ದು ಶುದ್ಧವೆಂಬ ತೀರ್ಮಾನಕ್ಕೆ ಶಾಸ್ತ್ರದ ಬೆಂಬಲವಿಲ್ಲ.

ಉತ್ತರ ಬೆಂಗಳೂರಿನಲ್ಲಿ ಈ ಭೇದವನ್ನು ಪ್ರತ್ಯಕ್ಷವಾಗಿ ಕಾಣಬಹುದು. ಹೆಬ್ಬಾಳದಲ್ಲಿ ಮೈಸೂರಿನ ರಾಜಮಾತೆ 1899ರಲ್ಲಿ ನೀಡಿದ 30 ಎಕರೆ ಭೂಮಿಯಲ್ಲಿ ಕೃಷಿ ಪ್ರಯೋಗಗಳು ಆರಂಭವಾದವು. ಕೃಷಿ ವಿಶ್ವವಿದ್ಯಾನಿಲಯದ ಬೇರು ಅಲ್ಲಿಯದು. ಯಲಹಂಕದಿಂದ ದೇವನಹಳ್ಳಿ, ದೊಡ್ಡಬಳ್ಳಾಪುರಗಳ ಕಡೆಗೆ ಸಾಗಿದರೆ ರಾಗಿಯ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳುಗಳ ಅಕ್ಕಡಿ ಸಾಲು ಇಂದಿಗೂ ಕಾಣಸಿಗುತ್ತದೆ. ಬೆಂಗಳೂರು ನೀಲಿ ದ್ರಾಕ್ಷಿ ಮತ್ತು ದೇವನಹಳ್ಳಿ ಚಕ್ಕೋತಗಳು ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಬೆಳೆಗಳು. ಅದೇ ಮನ್ನಣೆ ಪಡೆದ ಬೆಂಗಳೂರು ಗುಲಾಬಿ ಈರುಳ್ಳಿಯೂ ಈ ಸೀಮೆಯದೇ. ಯಶವಂತಪುರದ ಮಾರುಕಟ್ಟೆ ಪ್ರಾಂಗಣ ಹೆಸರಾದದ್ದು ಈರುಳ್ಳಿ, ಆಲೂಗಡ್ಡೆಗಳ ಸಗಟು ವ್ಯಾಪಾರಕ್ಕೆ. ಸಮೀಪದ್ದೆಲ್ಲವೂ ಗ್ರಾಹ್ಯವೆಂದರೆ ಇವೂ ಗ್ರಾಹ್ಯವಾಗಬೇಕಾಗುತ್ತದೆ. ಸಾಮೀಪ್ಯವು ಭಕ್ಷ್ಯಾಭಕ್ಷ್ಯ ವಿವೇಕದ ಸ್ಥಾನವನ್ನು ಆಕ್ರಮಿಸಲಾರದು.

ಇನ್ನೊಂದು ತೊಡಕು ನೀರಿನದು. ಹೆಬ್ಬಾಳ ನಾಗವಾರ ಕಣಿವೆಯ ಯೋಜನೆಯಲ್ಲಿ ನಗರದ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ ಬೆಂಗಳೂರು ಗ್ರಾಮಾಂತರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಕೆರೆಗಳಿಗೆ ಹರಿಸಲಾಗುತ್ತಿದೆ. ಮೂರನೆಯ ಹಂತದ ಶುದ್ಧೀಕರಣವೂ ಬೇಕೆಂಬ ಬೇಡಿಕೆ ಆ ಜಿಲ್ಲೆಗಳಿಂದಲೇ ಎದ್ದಿದೆ. ಆ ನೀರನ್ನು ಬೇಡದೆಯೇ ಪಡೆದ ರೈತನನ್ನು ದೂಷಿಸುವುದು ಅನ್ಯಾಯ. ಅದು ನಗರದ ಮನೆಗಳಿಂದಲೇ ಹೊರಟ ನೀರು. ಹುಳುವಿಲ್ಲದ ಸೊಪ್ಪಿನ ವಿಷಯವೂ ಇದೇ ಬಗೆಯದು. ಕೀಟನಾಶಕ ಸಿಂಪಡಿಸಿದ ಸೊಪ್ಪು ಅಡುಗೆಮನೆಯಲ್ಲಿ ನಿರ್ಜೀವವಾಗಿ ಕಂಡರೂ ಹೊಲದಲ್ಲಿ ನಡೆದ ಜೀವಹಾನಿ ಅಳಿಸಿಹೋಗುವುದಿಲ್ಲ. ಅಲ್ಪ ಫಲಕ್ಕಾಗಿ ಬಹು ಘಾತವಾಗುವ ವಸ್ತುಗಳನ್ನು ತ್ಯಜಿಸಬೇಕೆಂಬ ಶ್ರಾವಕಾಚಾರದ ತತ್ತ್ವವನ್ನು ತಟ್ಟೆಯ ಅಂಚಿನಲ್ಲಿಯೇ ನಿಲ್ಲಿಸುವುದು ಸಲ್ಲದು.

ಹಾಗಾದರೆ ಸ್ಥಳೀಯ ಖರೀದಿಗೆ ಅರ್ಥವೇ ಇಲ್ಲವೆ? ಇದೆ, ಆದರೆ ಅದು ಕಿಲೋಮೀಟರುಗಳಲ್ಲಿ ಅಳೆಯುವಂಥದ್ದಲ್ಲ. ಹತ್ತಿರದಲ್ಲಿ ಕೊಂಡಾಗ ಮಣ್ಣು, ನೀರು, ತೂಕ, ಕೂಲಿಗಳನ್ನು ಪರಿಶೀಲಿಸಲು ಸಾಧ್ಯವಾಗುತ್ತದೆ. ಆ ಸಾಧ್ಯತೆಯನ್ನು ಬಳಸಿಕೊಂಡಾಗ ಮಾತ್ರ ಖರೀದಿಯು ವ್ರತದ ಸಮೀಪ ಬರುತ್ತದೆ. ಬಳಸದಿದ್ದರೆ ಅದು ಬರಿಯ ಸಾಗಣೆಯ ಉಳಿತಾಯ.

ಈ ಮಾನದಂಡದಿಂದ ನೋಡಿದಾಗ ಸಮಾಜದ ಸಂಸ್ಥೆಗಳ ಖರೀದಿಯ ಕ್ರಮ ಸಮಾಧಾನಕರವೆನ್ನಲಾಗದು. ಕನಿಷ್ಠ ದರದ ಟೆಂಡರು, ತಿಂಗಳುಗಟ್ಟಲೆಯ ಉದ್ದರಿ, ವರ್ಷವಿಡೀ ಬದಲಾಗದ ಊಟದ ಪಟ್ಟಿ ಇವು ನಗರದ ಸಂಸ್ಥೆಗಳ ಸಾಮಾನ್ಯ ರೂಢಿ. ಸಮಾಜದ ಸಂಸ್ಥೆಗಳು ಇದಕ್ಕೆ ಹೊರತೆಂದು ಹೇಳಿಕೊಳ್ಳುವುದು ಕಷ್ಟ. ಎರಡು ಎಕರೆಯ ರೈತನಿಗೆ ಬಿತ್ತನೆಗೂ ಕೂಲಿಗೂ ನಗದು ಬೇಕು. ತಡವಾಗಿ ಹಣ ಕೊಡುವ ವಿದ್ಯಾರ್ಥಿನಿಲಯಕ್ಕಿಂತ ಮುಂಗಡ ಕೊಡುವ ದಲ್ಲಾಳಿಯೇ ಅವನಿಗೆ ಹತ್ತಿರದವನಾಗುತ್ತಾನೆ. ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅನ್ನಪಾನನಿರೋಧವನ್ನೂ, ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ತೂಕ ಅಳತೆಗಳನ್ನು ಹೆಚ್ಚುಕಡಿಮೆ ಮಾಡುವುದನ್ನೂ ಎಣಿಸಿದೆ. ಉಂಡ ಅನ್ನದ ಬೆಲೆಯನ್ನು ಬೆಳೆದವನಿಗೆ ತಡೆಹಿಡಿಯುವುದು ಮೊದಲನೆಯದಕ್ಕೆ ಎಷ್ಟು ದೂರ? ಈ ಪ್ರಶ್ನೆಯನ್ನು ಟ್ರಸ್ಟುಗಳ ಲೆಕ್ಕಪತ್ರದ ಸಭೆಯಲ್ಲಿ ಕೇಳುವುದು ಅನುಚಿತವಾಗಲಾರದು.

ಬೇರೆ ರೀತಿಯಲ್ಲಿ ಕೊಳ್ಳಲು ಸಾಧ್ಯವೆಂಬುದಕ್ಕೆ ನಿದರ್ಶನಗಳಿವೆ. ಡಾ. ಎಂ. ಎಚ್. ಮರೀಗೌಡರ ಪ್ರೇರಣೆಯಿಂದ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿ ಮುಂದೆ ಹಾಪ್‌ಕಾಮ್ಸ್ ಎಂದು ಪ್ರಸಿದ್ಧವಾದ ಸಂಸ್ಥೆಯು ಬೆಳೆಗಾರರ ಸರಕನ್ನು ಮಧ್ಯವರ್ತಿಗಳಿಲ್ಲದೆ ಮನೆಗಳಿಗೂ ವಿದ್ಯಾರ್ಥಿನಿಲಯ, ಆಸ್ಪತ್ರೆಗಳಿಗೂ ತಲುಪಿಸುವ ದಾರಿ ತೋರಿಸಿತು. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆಯು ರಾಜ್ಯದ ಸಹಕಾರಿ ಹೈನುಗಾರರ ಹಾಲನ್ನು ಪುಡಿಯ ರೂಪದಲ್ಲಿ ಶಾಲೆಗಳಿಗೆ ತಂದಿತು. 2024ರಲ್ಲಿ ಅದರ ಜೊತೆಗೆ ರಾಗಿ ಮಾಲ್ಟ್ ಸೇರಿತು. ಬ್ರೆಜಿಲ್ ದೇಶದ 2009ರ ಕಾನೂನು ಶಾಲಾ ಊಟಕ್ಕೆ ಕೇಂದ್ರ ನೀಡುವ ಹಣದಲ್ಲಿ ಕನಿಷ್ಠ ಶೇ. 30 ಭಾಗವನ್ನು ಸಣ್ಣ ರೈತ ಕುಟುಂಬಗಳ ಬೆಳೆಗೆ ವ್ಯಯಿಸಬೇಕೆಂದು ವಿಧಿಸಿತು. ಈ ಎಲ್ಲ ಕಡೆಗಳಲ್ಲಿಯೂ ಕೆಲಸ ನಡೆದದ್ದು ಕೊಳ್ಳುವವನು ಬೆಳೆಯುವವನಿಗೆ ಮುಂಚಿತವಾಗಿ ಮಾತು ಕೊಟ್ಟಾಗ.

ಅಡುಗೆಗೆ ಬೇಕಾದುದೆಲ್ಲವೂ ಯಲಹಂಕದ ಸುತ್ತ ಸಿಗುವುದಿಲ್ಲವೆಂಬ ಆಕ್ಷೇಪ ನ್ಯಾಯವಾದುದೇ. ತೊಗರಿಬೇಳೆಗೆ ಐನೂರಕ್ಕೂ ಹೆಚ್ಚು ಕಿಲೋಮೀಟರು ಆಚೆಯ ಕಲಬುರಗಿಯೇ ಆಧಾರ. ದೇಶವ್ರತದಲ್ಲಿಯೂ ಎಲ್ಲೆ ಕಾಲಮಿತಿಗೆ ಒಳಪಟ್ಟದ್ದು. ಅವರವರ ಶಕ್ತಿಯನ್ನು ನೋಡಿ ಹಾಕಿಕೊಳ್ಳುವಂಥದ್ದು. ಒಂದು ವಿದ್ಯಾರ್ಥಿನಿಲಯವು ಒಂದು ಚಾತುರ್ಮಾಸದ ಅವಧಿಗೆ ರಾಗಿ, ಅವರೆಬೇಳೆ, ಹುರುಳಿ, ಸೋರೆ, ಪಡವಲ, ಸೀಬೆಗಳಿಗಷ್ಟೇ ಎಲ್ಲೆ ಹಾಕಿಕೊಳ್ಳಬಹುದು. ಬೆಳೆಗಾರರ ಗುಂಪಿಗೆ ಬಿತ್ತನೆಗೆ ಮೊದಲೇ ಪ್ರಮಾಣವನ್ನು ತಿಳಿಸಿ, ಸರಕು ಇಳಿದ ವಾರದೊಳಗೆ ಹಣ ಸಲ್ಲಿಸಿ, ತೂಕವನ್ನು ಇಬ್ಬರ ಎದುರಿನಲ್ಲಿ ಮಾಡಬಹುದು. ಈರುಳ್ಳಿ ಬೆಳೆಯುವ ರೈತನಿಂದ ಈರುಳ್ಳಿಯನ್ನು ಕೊಳ್ಳದಿದ್ದರೂ ಅವನ ರಾಗಿಯನ್ನೂ ಅಕ್ಕಡಿ ಸಾಲಿನ ಅವರೆಯನ್ನೂ ಕೊಳ್ಳಲು ಯಾವ ನಿಯಮವೂ ಅಡ್ಡಿಯಾಗದು. ಮನೆಗಳಿಗೂ ಇದೇ ಕ್ರಮ ಸಣ್ಣ ಪ್ರಮಾಣದಲ್ಲಿ ಅನ್ವಯಿಸುತ್ತದೆ: ಪರಿಚಯದ ಒಬ್ಬ ಬೆಳೆಗಾರನಿಂದ ಚೌಕಾಸಿಯಿಲ್ಲದೆ ಕೊಂಡರೆ ಆರಂಭವಾದಂತೆಯೇ.

ಇದರಿಂದ ಖರ್ಚು ಸ್ವಲ್ಪ ಏರಬಹುದು. ಪೂಜೆ, ವಿಧಾನ, ಪಂಚಕಲ್ಯಾಣಗಳಿಗೆ ಉದಾರವಾಗಿ ನೀಡುವ ಸಮಾಜಕ್ಕೆ ಆ ಏರಿಕೆ ಅಸಹ್ಯವಾಗಬಾರದು. ನೀರನ್ನು ಸೋಸುವಾಗ ಕಣ್ಣಿಗೆ ಕಾಣದ ಜೀವಿಗಳನ್ನು ನೆನೆಯುವ ಶ್ರಾವಕರು, ಹಣದ ಚೀಟಿಗೆ ಸಹಿ ಹಾಕುವಾಗ ಕಣ್ಣಿಗೆ ಕಾಣುವ ರೈತನನ್ನು ನೆನೆಯುವುದು ಧರ್ಮಕ್ಕೆ ಹೊಸದಾಗಿ ಸೇರಿಸಿದ್ದಲ್ಲ. ಇರುವ ಧರ್ಮವನ್ನೇ ಉಗ್ರಾಣದವರೆಗೆ ನಡೆಸಿದ್ದು.