ಶ್ರುತಿಯೂ ಗದ್ದಲವೇ?

ತತ್ವಪದಗಳ ಬಗ್ಗೆ ನಮ್ಮಲ್ಲಿ ಸಾಕಷ್ಟು ವಿಮರ್ಶೆ ಬಂದಿದೆ. ಆದರೆ ಅದರಲ್ಲಿ ಬಹುಪಾಲು ಅಚ್ಚಾದ ಸಾಲುಗಳ ವಿಮರ್ಶೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಇವತ್ತು ಈ ಪದಗಳು ನನ್ನ ವಯಸ್ಸಿನವರ ಕಿವಿಗೆ ಬೀಳುವುದು ಪುಸ್ತಕದಿಂದಲ್ಲ, ಮೊಬೈಲಿನಿಂದ. ಭಜನಾ ಸಂಘದವರು ಯಾರದೋ ಮನೆಯ ಪಡಸಾಲೆಯಲ್ಲಿ ಕೂತು ಹಾಡುತ್ತಾರೆ. ಊರಿನ ಹುಡುಗನೊಬ್ಬ ಅದನ್ನು ರೆಕಾರ್ಡ್ ಮಾಡಿ, ಲ್ಯಾಪ್‌ಟಾಪಿನಲ್ಲಿ ಮಿಕ್ಸ್ ಮಾಡಿ, ಯೂಟ್ಯೂಬಿಗೆ ಏರಿಸುತ್ತಾನೆ. ಅವನ ಕೆಲಸವನ್ನು ನಾನು ಗ್ರಂಥಸಂಪಾದನೆಯ ಸಾಲಿಗೇ ಸೇರಿಸುತ್ತೇನೆ. ಯಾವ ದನಿ ಮುಂದಿರಬೇಕು, ಯಾವುದು ಹಿಂದಿರಬೇಕು, ಯಾವುದು ಇರಲೇಬಾರದು ಎಂದು ತೀರ್ಮಾನಿಸುವವನು ಅವನೇ. ಪಾಠಾಂತರಗಳ ಬಗ್ಗೆ ಜಗಳ ಆಡುವ ನಾವು ಇದನ್ನು ಕೇಳಿಸಿಕೊಂಡೇ ಇಲ್ಲ.

ಮೊದಲ ಕತ್ತರಿ ಬೀಳುವುದು ಏಕತಾರಿಗೆ. ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ಗದ್ದಲ ತೆಗೆಯುವ ಒಂದು ಸಾಧನವಿದೆ. ಹಾಡು ಶುರುವಾಗುವ ಮುಂಚಿನ ಒಂದೆರಡು ಸೆಕೆಂಡು ಆರಿಸಿ 'ಇದು ಗದ್ದಲ' ಎಂದು ತೋರಿಸಿದರೆ, ಅದೇ ಬಗೆಯ ಸದ್ದನ್ನು ಇಡೀ ಮುದ್ರಣದಲ್ಲಿ ತಗ್ಗಿಸುತ್ತದೆ. ಫ್ಯಾನಿನ ಸದ್ದಿಗೆ ಇದು ಒಳ್ಳೆಯ ಮದ್ದು. ಆದರೆ ನಮ್ಮ ಭಜನೆಯಲ್ಲಿ ಪದ ಎತ್ತುವ ಮುಂಚೆಯೇ ಏಕತಾರಿ ಮಿಡಿಯುತ್ತಿರುತ್ತದೆ, ಪೇಟಿಯ ಷಡ್ಜ ಹಿಡಿದಿರುತ್ತದೆ. ಯಂತ್ರಕ್ಕೆ ಬದಲಾಗದೆ ನಿಂತ ಸದ್ದೆಲ್ಲ ಒಂದೇ. ಫ್ಯಾನಿನ ಜೊತೆ ಶ್ರುತಿಯೂ ಹೋಗುತ್ತದೆ. ಉಳಿದ ದನಿ ನೀರಿನೊಳಗಿಂದ ಬಂದಂತೆ ಕೇಳುತ್ತದೆ.

ಎರಡನೆಯದು ಈಕ್ವಲೈಸರ್. 100 ಹರ್ಟ್ಜ್‌ಗಿಂತ ಕೆಳಗಿನದನ್ನು ಕತ್ತರಿಸು ಎಂಬುದು ಹೊಸಬರಿಗೆ ಸಿಗುವ ಮೊದಲ ಪಾಠ. ಒಬ್ಬ ಗಾಯಕನಿಗೇ ಒಂದು ಮೈಕು ಇದ್ದಾಗ ಈ ಪಾಠ ಸರಿ. ಎಲ್ಲರಿಗೂ ಸೇರಿ ಒಂದೇ ಮೈಕು ಇದ್ದಾಗ ಕತ್ತರಿ ಡಗ್ಗಾದ ಗುಮುಕಿನ ಬುಡಕ್ಕೆ ಬೀಳುತ್ತದೆ. ತಾಳದ ಕತೆ ಇನ್ನೂ ಕಷ್ಟದ್ದು. ಅದು ಕಿವಿಗೆ ಚುಚ್ಚುತ್ತದೆಂದು 3,000 ಹರ್ಟ್ಜ್‌ನ ಆಸುಪಾಸು ಇಳಿಸಿದರೆ, ಮಾತು ಸ್ಪಷ್ಟವಾಗಿ ಕೇಳಲು ಬೇಕಾದ ಜಾಗವೂ ಅದೇ ಆದ್ದರಿಂದ ವ್ಯಂಜನಗಳು ಮಸುಕಾಗುತ್ತವೆ. ತತ್ವಪದದಲ್ಲಿ ಮಾತು ಮಸುಕಾದರೆ ಉಳಿಯುವುದೇನು? ತಾಳ ಹಿಡಿದವರನ್ನು ಮೈಕಿನಿಂದ ನಾಲ್ಕು ಮಾರು ಹಿಂದೆ ಕೂರಿಸಿದ್ದರೆ ಈ ಗುಂಡಿಯನ್ನು ಮುಟ್ಟಬೇಕಾಗಿಯೇ ಇರಲಿಲ್ಲ.

ಪ್ರತಿಧ್ವನಿಯ ವಿಷಯದಲ್ಲಿ ಮಾತ್ರ ನಾನು ಮಡಿವಂತನಾಗಲಾರೆ. ಆಡಾಸಿಟಿಯ ರಿವರ್ಬ್ ಪಟ್ಟಿಯಲ್ಲಿ ಸಿದ್ಧ ಆಯ್ಕೆಗಳಿವೆ: ಬಚ್ಚಲುಮನೆ, ದೊಡ್ಡ ಕೋಣೆ, ಚರ್ಚು, ಕ್ಯಾಥೆಡ್ರಲ್, ದೊಡ್ಡ ಗುಹೆ. ಮಣ್ಣಿನ ಮಾಳಿಗೆಮನೆ ಇಲ್ಲ, ಹನುಮಪ್ಪನ ಗುಡಿಕಟ್ಟೆಯೂ ಇಲ್ಲ. ಮಾಳಿಗೆಮನೆಯ ಮಣ್ಣುಗೋಡೆ, ಮೂಲೆಯ ಜೋಳದ ಚೀಲ, ಕೂತ ಜನ ಎಲ್ಲವೂ ಸದ್ದನ್ನು ಹೀರುತ್ತವೆ. ಅಲ್ಲಿ ದನಿ ಒಣಗಿರುತ್ತದೆ, ಹತ್ತಿರವಿರುತ್ತದೆ. ಅದನ್ನು ಕ್ಯಾಥೆಡ್ರಲ್‌ಗೆ ಒಯ್ದರೆ ಹಾಡುವವರು ದೂರ ಸರಿಯುತ್ತಾರೆ. ಹಾಗೆಂದು ತಪ್ಪೆಲ್ಲ ತಂತ್ರಾಂಶದ್ದಲ್ಲ. ಜಾತ್ರೆಯ ಮೈಕ್‌ಸೆಟ್‌ನವನಿಗೆ "ಸ್ವಲ್ಪ ಎಕೋ ಹಾಕ್ರಿ" ಎಂದು ಕೇಳುವವರು ನಮ್ಮ ಹಾಡುಗಾರರೇ. ಎಕೋ ಎಂದರೆ ವೇದಿಕೆ, ವೇದಿಕೆ ಎಂದರೆ ಮರ್ಯಾದೆ. ಊರೊಳಗೆ ಯಾರೂ ಕುರ್ಚಿ ಕೊಡದವರಿಗೆ ಆ ಗುಂಯ್‌ಗುಡುವಿಕೆ ಕೊಡುವ ಎತ್ತರವನ್ನು ವಿಶ್ವವಿದ್ಯಾಲಯದಲ್ಲಿ ಕೂತು 'ಕೃತಕ' ಎನ್ನುವುದು ಸುಲಭ. ಇಟಗಿಯ ಮಹಾದೇವ ದೇಗುಲದ ಕಲ್ಲಿನ ಮಂಟಪದಲ್ಲೂ ಪ್ರತಿಧ್ವನಿ ಇದೆಯಲ್ಲ. ಅದರೊಳಗೆ ಎಲ್ಲರೂ ಹಾಡಿದ್ದಾರೆಯೇ?

ನನ್ನ ನಿಜವಾದ ತಕರಾರು ಹಿಮ್ಮೇಳದ ಬಗ್ಗೆ. ಸ್ವರ ತಿದ್ದುವ ಆಟೋಟ್ಯೂನ್ 1997ರಲ್ಲಿ ಬಂತು. ಅದನ್ನು ಕಟ್ಟಿದ ಆ್ಯಂಡಿ ಹಿಲ್ಡೆಬ್ರಾಂಡ್ ಅದಕ್ಕೂ ಮುಂಚೆ ನೆಲದಡಿಯ ಎಣ್ಣೆ ಹುಡುಕಲು ಕಂಪನಗಳ ಲೆಕ್ಕ ಹಾಕುತ್ತಿದ್ದವರು. ಅದು ತಿದ್ದುವುದು ಒಂದು ಸಲಕ್ಕೆ ಒಂದೇ ದನಿಯನ್ನು. ಎಂಟು ಜನ ಒಟ್ಟಿಗೆ, ಒಬ್ಬರಿಗಿಂತ ಒಬ್ಬರು ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾಗಿ ಸೊಲ್ಲು ಎತ್ತಿದರೆ ಅದಕ್ಕೆ ದಿಕ್ಕು ತಪ್ಪುತ್ತದೆ. ಹಾಗಾಗಿ ಮುಂದಾಳನ್ನು ಒಬ್ಬನನ್ನೇ ಕೂರಿಸಿ ರೆಕಾರ್ಡ್ ಮಾಡುವುದು, ಅವನ ದನಿಯನ್ನೇ ನಾಲ್ಕು ಪ್ರತಿ ಮಾಡಿ ಎಡಕ್ಕೆ ಬಲಕ್ಕೆ ಹಂಚಿ ಹಿಮ್ಮೇಳ ಮಾಡುವುದು ಸುಲಭದ ದಾರಿಯಾಗಿದೆ. ಕೇಳಲು ಚಂದವೇ. ಆದರೆ ಅಲ್ಲಿ ಅವನು ಕೇಳಿದ್ದಕ್ಕೆ ಅವನೇ ಹೂಂಗುಟ್ಟುತ್ತಿರುತ್ತಾನೆ. ಮುಂದಾಳು ಒಗಟಿನಂಥ ಸಾಲು ಎಸೆದು, ಉಳಿದವರು ಅದನ್ನು ಹಿಡಿದು ಮರಳಿಸುವುದರಲ್ಲೇ ತತ್ವಪದದ ಅರ್ಥ ಬೆಳೆಯುತ್ತದೆ. ಒಕ್ಕಲಿಗ, ಕುರುಬ, ಮಾದಿಗ, ಮುಸಲ್ಮಾನ ಒಂದೇ ಸೊಲ್ಲಿನಲ್ಲಿ ಬೆರೆಯುವ ಜಾಗವೂ ಅದೇ.

ಈ ಚಟ ಹುಡುಗರಿಂದ ಶುರುವಾದದ್ದಲ್ಲ. ನಾಗಾಭರಣರ 'ಸಂತ ಶಿಶುನಾಳ ಶರೀಫ' 1990ರಲ್ಲಿ ಬಂದ ಮೇಲೆ ನಾಡಿನ ಬಹುಜನರಿಗೆ ಶರೀಫರೆಂದರೆ ಸಿ. ಅಶ್ವಥ್ ಅವರ ಒಂಟಿ ಕಂಠ. ಅದು ದೊಡ್ಡ ಕಂಠ. ಆ ದೊಡ್ಡತನವೇ ಮಾದರಿಯಾಯಿತು. ನಮ್ಮ ಜಾನಪದ ಸಂಕಲನಗಳೂ ಕಮ್ಮಿಯಿಲ್ಲ. ಪಲ್ಲವಿಯನ್ನು ಒಮ್ಮೆ ಅಚ್ಚು ಮಾಡಿ, ಆಮೇಲೆ ಮೂರು ಚುಕ್ಕಿ ಇಟ್ಟು ಕಾಗದ ಉಳಿಸಿದವರು ನಾವು. ಆ ಮೂರು ಚುಕ್ಕಿಯೊಳಗೆ ಎಂಟು ಜನ ಕೂತಿದ್ದರು.

ಕುಷ್ಟಗಿ ಕಡೆಯ ಒಂದು ಮುದ್ರಣವನ್ನು ಮಾತ್ರ ನಾನು ಮತ್ತೆ ಮತ್ತೆ ಕೇಳುತ್ತೇನೆ. ಮಿಕ್ಸ್ ಮಾಡಿದವನು ಮುಂದಾಳಿನ ದನಿಯನ್ನು ಹಿಮ್ಮೇಳಕ್ಕಿಂತ ತುಸುವೇ ಮೇಲಿಟ್ಟಿದ್ದಾನೆ. ರಿವರ್ಬ್ ಇದೆಯೋ ಇಲ್ಲವೋ ಎನ್ನುವಷ್ಟಿದೆ. ಎರಡನೆಯ ನುಡಿಯಲ್ಲಿ ಹೆಂಗಸೊಬ್ಬಳು ಸೊಲ್ಲನ್ನು ಅರ್ಧ ಮಾತ್ರೆ ತಡವಾಗಿ ಹಿಡಿಯುತ್ತಾಳೆ, ದಮ್ಮಡಿಯವನು ಅವಳಿಗಾಗಿ ಒಂದು ಪೆಟ್ಟು ಹಿಡಿದು ನಿಲ್ಲುತ್ತಾನೆ. ಅದನ್ನು ಕತ್ತರಿಸದೆ ಬಿಟ್ಟಿದ್ದಾನೆ.